ನಿಂತುಹೋದ ಚುಕ್ಕೆಗಳು

ಮಧ್ಯಾಹ್ನ ಊಟ ಮುಗಿಸಿ ಬಂದ ಸಂಶೋಧಕ ಹುಡುಗಿ ಪರದೆಯ ಮುಂದೆ ನಿಂತವಳು ಹಾಗೇ ಕುಸಿದಳು. ನಾನು ಆ ಪ್ರಯೋಗಾಲಯದಲ್ಲಿ ಗಾಜು ತೊಳೆಯುವವಳು. ಬುಟ್ಟಿ ಕೆಳಗಿಟ್ಟು ಅವಳನ್ನು ಹಿಡಿದುಕೊಂಡೆ.

"ಚುಕ್ಕೆ ಎಲ್ಲಾ ನಿಂತೋಗಿವೆ ಅಕ್ಕ. ಯಾರೋ ಕೊಂದುಬಿಟ್ರು."

ಸೂಕ್ಷ್ಮದರ್ಶಕದ ತಟ್ಟೆಯಲ್ಲಿದ್ದದ್ದು ನರಕೋಶಗಳು. ನಾಲ್ಕು ವರ್ಷದ ಹಿಂದೆ ನರದ ಕಾಯಿಲೆಯಿಂದ ತೀರಿಕೊಂಡ ಒಂದು ಮಗುವಿನ ಚರ್ಮದ ತುಣುಕಿನಿಂದ ಬೆಳೆಸಿದವು. ಪಕ್ಕದ ಕೋಶ ಕಳಿಸಿದ ಸುದ್ದಿ ಹಿಡಿಯಲು ಅವುಗಳ ಮೈಮೇಲೆ ಗ್ರಾಹಕವೆಂಬ ಪ್ರೋಟೀನುಗಳಿರುತ್ತವೆ. ಅವುಗಳಿಗೆ ಹೊಳೆಯುವ ಚುಕ್ಕೆ ಅಂಟಿಸಿ, ಅವು ಓಡಾಡುವ ಚಿತ್ರ ತೆಗೆಯುವುದು ಹುಡುಗಿಯ ಮೂರು ವರ್ಷದ ಕೆಲಸ. ಆ ಮಗುವಿನದೆಂದು ಉಳಿದಿದ್ದು ಇದೊಂದೇ ತಟ್ಟೆ.

ಮಗುವಿನ ಅಪ್ಪ, ಹತ್ತಿರದಲ್ಲೇ ಮರಗೆಲಸ ಮಾಡುವ ಬಡಗಣ್ಣ, ವಾರಕ್ಕೊಮ್ಮೆ ಊಟದ ಹೊತ್ತಿಗೆ ಬಂದು, ಪರದೆಯ ಮುಂದೆ ಸ್ವಲ್ಪ ಕೂತು ಹೋಗುತ್ತಿದ್ದ. "ಇವು ಒಂದು ಕಡೆ ಕೂರೋದೇ ಇಲ್ವಾ ತಾಯಿ?" ಎಂದು ಹೋದ ವಾರ ಕೇಳಿದ್ದ.

"ಜೀವ ಇರೋವರೆಗೂ ಅಲೀತಾನೇ ಇರ್ತಾವಣ್ಣ. ಆ ನೀಲಿ ಬಾಟ್ಲಿದು ಹಾಕಿದ್ರೆ ಮಾತ್ರ ಇದ್ದಲ್ಲೇ ನಿಲ್ತಾವೆ," ಎಂದು ಹುಡುಗಿ ನಕ್ಕಿದ್ದಳು.

ಈಗ ಕೋಣೆಯಲ್ಲಿ ಅದೇ ನೀಲಿ ಬಾಟಲಿಯ ಘಾಟು. ಅನುಮಾನ ನೇರವಾಗಿ ಹಿರಿಯ ವಿದ್ಯಾರ್ಥಿಯ ಮೇಲೆ ಹೋಯಿತು. "ನಿನ್ನ ಚುಕ್ಕೆ ನಿಂತ್ರೇನೇ ನನಗೆ ಸೂಕ್ಷ್ಮದರ್ಶಕದ ಸರದಿ ಸಿಗೋದು," ಎಂದು ಬೆಳಿಗ್ಗೆ ಎಲ್ಲರೆದುರು ರೇಗಿದ್ದವನು ಅವನೇ. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿಬಿಟ್ಟರು. ಅವನು ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದ.

ಆಗ ಮಸೂರಜ್ಜ ಬಂದ. ನಲವತ್ತು ವರ್ಷದಿಂದ ಮಸೂರ ಒರೆಸುತ್ತಾ ಕಟ್ಟಡದ ಹಿಂದಿನ ಕೋಣೆಯಲ್ಲೇ ಇರುವ ಮುದುಕ. ಕಳೆದ ಕೀಲಿಯಿಂದ ಹಿಡಿದು ಕದ್ದ ಬರಹದವರೆಗೆ ಅಲ್ಲಿ ಏನೇ ಆದರೂ ಪತ್ತೆ ಅವನದೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಇಷ್ಟು ಅವಸರ ಯಾಕಮ್ಮ?" ಎಂದು ಮೇಡಂಗೆ ಹೇಳಿ, ಮಂಡಿಯೂರಿ ಮೇಜಿನ ಕೆಳಗೆ ಇಣುಕಿದ. ಒಂದು ಕಾಲಿನ ಸಂದಿಯಲ್ಲಿ ಬೆರಳುದ್ದದ ಮರದ ಚೂರಿತ್ತು. ಅದನ್ನು ಮುಟ್ಟಲಿಲ್ಲ. ಊಟದ ಹೊತ್ತಿನಲ್ಲಿ ಯಂತ್ರ ತಾನೇ ತೆಗೆದಿದ್ದ ಚಿತ್ರವನ್ನು ಮೂರು ಸಲ ನೋಡಿದ. ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದ.

"ತಂಗೀ, ಬಡಗಣ್ಣನ್ನೂ ಕರಕೊಂಡು ಬಾ. ಮೆಲ್ಲಗೆ ಕರಿ," ಎಂದು ನನಗೆ ಹೇಳಿದ.

ಸಂಜೆ ಎಲ್ಲರೂ ಆ ಕೋಣೆಯಲ್ಲಿ ಸೇರಿದೆವು. ಬಡಗಣ್ಣ ಬಾಗಿಲ ಪಕ್ಕ ನಿಂತ. ಅಜ್ಜ ಚಿತ್ರ ಹಚ್ಚಿದ.

"ನೋಡಿ. ಬಿಟ್ಟ ದನದ ಹಾಗೆ ಒಂದೊಂದು ಚುಕ್ಕೆ ಒಂದೊಂದು ದಿಕ್ಕಿಗೆ ಹೋಗ್ತಿದೆ. ಇಗೋ, ಹನ್ನೊಂದನೇ ನಿಮಿಷ. ಎಲ್ಲಾ ಒಟ್ಟಿಗೆ ಎಡಕ್ಕೆ ವಾಲಿದ್ವು. ಅಷ್ಟೂ ದನ ಒಟ್ಟಿಗೆ ಸರಿದ್ರೆ ದನ ಸರಿದಿದ್ದಲ್ಲ, ನೋಡೋನ ಕತ್ತು ತಿರುಗಿದ್ದು. ಯಾರೋ ಮೇಜಿಗೆ ಒರಗಿದ್ದಾರೆ."

"ನಾನೂ ಒರಗಿರಬಹುದಲ್ಲ ಅಜ್ಜ," ಎಂದ ಹಿರಿಯ ವಿದ್ಯಾರ್ಥಿ, ಸೋತ ದನಿಯಲ್ಲಿ.

"ತಡಿಯಪ್ಪ, ನೇಣಿಗೆ ನೀನೇ ಕತ್ತು ಕೊಡಬೇಡ. ವಾಲಿದ ಮೇಲೆ ಚುಕ್ಕೆಗಳೆಲ್ಲ ಒಂದೇ ಥರ ನಡುಗ್ತಿವೆ, ಕೊನೇವರೆಗೂ. ಈ ಮೇಜು ಗಾಳಿ ದಿಂಬಿನ ಮೇಲೆ ತೇಲೋದು. ಕಟ್ಟಡದ ನಡುಕ ಮೇಲೆ ಬರಬಾರದು ಅಂತ ಹಾಗಿರೋದು. ಒರಗಿದ್ರೆ ಅಲ್ಲಾಡುತ್ತೆ. ಇಲ್ಲಿನೋರಿಗೆಲ್ಲ ಅದು ಗೊತ್ತು. ಆದರೆ ಒಬ್ಬರಿಗೆ ಕಾಲು ಸಡಿಲ ಅನಿಸ್ತು, ಕೆಳಗೆ ಮರದ ಚೂರಿನ ಬೆಣೆ ಕೊಟ್ರು. ಬೆಣೆ ಹಿಡಿದು ನಡುಕ ಮೇಲೆ ಹತ್ತಿತು."

ಅಜ್ಜ ದನಿ ತಗ್ಗಿಸಿದ. "ಚುಕ್ಕೆಗಳು ಒಂದೇ ಏಟಿಗೆ ನಿಂತಿಲ್ಲ. ಆ ಅಂಚಿಂದ ಈ ಅಂಚಿಗೆ, ಒಂದಾದ ಮೇಲೊಂದು. ದ್ವೇಷ ಇದ್ದೋನು ಬಾಟ್ಲಿ ಬಗ್ಗಿಸಿ ಸುರೀತಿದ್ದ, ಕೋಶ ಎಲ್ಲಾ ಕಿತ್ತು ಹೋಗ್ತಿದ್ವು. ಇಲ್ಲಿ ಒಂದೂ ಕಿತ್ತಿಲ್ಲ. ಮಗುವಿನ ಬಾಯಿಗೆ ಔಷಧಿ ಬಿಟ್ಟ ಹಾಗೆ ಹನಿಹನಿ ಬಿಟ್ಟಿದ್ದಾರೆ."

ಯಾರೂ ಬಡಗಣ್ಣನ ಕಡೆ ತಿರುಗಲಿಲ್ಲ.

"ಮೇಜು ಅಲ್ಲಾಡ್ತಿತ್ತು," ಎಂದ ಅವನು. "ಮಗಳಿಗೆ ಅಲುಗಬಾರದು ಅಂತ ಬೆಣೆ ಇಟ್ಟೆ. ಮಣ್ಣು ಮಾಡಿ ನಾಲ್ಕು ವರ್ಷ ಆಯ್ತು. ಇನ್ನೂ ಅಲೀತಾನೇ ಇದಾಳಲ್ಲ ಅಂತ... ಬದುಕಿದ್ದಾಗ ಮೂರು ವರ್ಷ ನಿದ್ದೆ ಇಲ್ಲದೆ ಹೊರಳಾಡಿದ್ಲು ತಾಯಿ. ಎಷ್ಟೂಂತ ನೋಡೋದು?"

ಹಿರಿಯ ವಿದ್ಯಾರ್ಥಿ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ. ಮೇಡಂ ಅವನ ತೋಳು ಮುಟ್ಟಿದರು.

ಹುಡುಗಿ ಎದ್ದು ಬಡಗಣ್ಣನ ಹತ್ತಿರ ಹೋದಳು. ಬಯ್ಯುತ್ತಾಳೆ ಎಂದುಕೊಂಡೆ.

"ತಪ್ಪು ನಂದಣ್ಣ. ಅಲೀತಾವೆ ಅನ್ನಬಾರದಿತ್ತು. ಅವು ಓಡಾಡೋದು ನೆಮ್ಮದಿ ಇಲ್ಲದೆ ಅಲ್ಲ. ಸುದ್ದಿ ಎಲ್ಲಿಂದ ಬರುತ್ತೋ ಅಲ್ಲಿಗೆ ಹೋಗಿ ನಿಂತು ಕೇಳಿಸಿಕೊಳ್ಳೋಕೆ. ನಿಮ್ಮ ಮಗಳಲ್ಲಿ ಅವು ಆ ಜಾಗ ದಾಟಿ ಹೋಗ್ತಿದ್ವು. ಯಾಕೆ ಅಂತ ಹುಡುಕ್ತಿದ್ದೆ."

"ಕೇಳಿಸಿಕೊಳ್ಳೋಕಾ?"

"ಹೂಂ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಇನ್ನೊಂದ್ಸಲ ತೋರಿಸ್ತೀಯಾ?" ಎಂದ.

ನಾನು ಕುರ್ಚಿ ತಂದೆ. ಅಜ್ಜ ದೀಪ ಆರಿಸಿದ. ಹನ್ನೊಂದು ನಿಮಿಷ ಚುಕ್ಕೆಗಳು ತಮ್ಮ ಪಾಡಿಗೆ ಓಡಾಡಿದವು. ಆಮೇಲೆ ಎಲ್ಲವೂ ಒಟ್ಟಿಗೆ ಎಡಕ್ಕೆ ವಾಲಿದವು.

"ಇದು ನಾನು," ಎಂದ ಬಡಗಣ್ಣ.

ಹುಡುಗಿ ಚಿತ್ರವನ್ನು ಅಲ್ಲಿಗೇ ತಡೆದು, ಮತ್ತೆ ಮೊದಲಿನಿಂದ ಹಚ್ಚಿದಳು.