ಸ್ಕೂಟರ್ ತರುವ ಟೆಂಪ್ ಫೈಲು

ಹದಿನೇಳು ವರ್ಷ ದುಡಿದ ಚಿಯೆನ್ ಯುಂಗ್-ತೆಗೆ ಕಂಪನಿಯ ವರ್ಷಾಂತ್ಯದ ಔತಣದ ಲಾಟರಿಯಲ್ಲಿ ಈವರೆಗೆ ಬಂದದ್ದು ನಾಲ್ಕು ಕೊಡೆ, ಒಂದು ಟವೆಲ್ಲು. ಹೋದ ವರ್ಷ, ಸೇರಿ ಮೂರೇ ತಿಂಗಳಾಗಿದ್ದ ಹುಡುಗಿಯೊಬ್ಬಳು ಸ್ಕೂಟರ್ ಹೊಡೆದುಕೊಂಡು ಹೋದಳು. ಮನೆಗೆ ಬಂದರೆ ಅತ್ತೆ, “ಮತ್ತೆ ಕೊಡೇನೇ ಅಳಿಯಂದ್ರೇ? ಇನ್ನು ಅಂಗಡಿ ಇಟ್ಬಿಡಿ” ಅಂದರು. ಆ ಮಾತು ಅವನಿಗೆ ನಾಟಿತು.

ಗಾಂಗ್‌ಶಾನ್ ಊರಿನ ಆ ಸ್ಕ್ರೂ ಕಾರ್ಖಾನೆಯ ಸರ್ವರ್ ನೋಡಿಕೊಳ್ಳುವವನು ಅವನೇ. ಲಾಟರಿಯಲ್ಲಿ ಹೆಸರು ಎತ್ತುವ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದವಳು ಈ ವರ್ಷ ಸೇರಿದ ಹೊಸಬಳು, ವೇಯ್ ರುಯೊ-ಆನ್. ಪ್ರತಿ ಬಹುಮಾನಕ್ಕೂ ಅದು ಹೆಸರುಗಳನ್ನು ಕಲಸಿ, ತಾತ್ಕಾಲಿಕ ಫೈಲುಗಳಿಗೆಂದು ಎಲ್ಲರೂ ಬಳಸುವ ಟೆಂಪ್ ಫೋಲ್ಡರಿನಲ್ಲಿ ಪ್ರತಿ ಸಲವೂ ಒಂದೇ ಹೆಸರಿನ ಫೈಲು ಮಾಡಿ, ಮೊದಲ ಸಾಲಿನವರನ್ನು ಪರದೆಗೆ ತಂದು, ಫೈಲನ್ನು ಅಳಿಸುತ್ತಿತ್ತು. ಫೈಲು ಮೊದಲೇ ಇದ್ದರೆ, ಪಾಪ, ಅದನ್ನೇ ನಂಬುತ್ತಿತ್ತು. ಟೆಂಪ್ ಫೈಲಿಗೆ ಯಾರಿಗೂ ಊಹಿಸಲಾಗದ ಹೆಸರಿಡಿ ಎಂದು ಯುಂಗ್-ತೆ ವರ್ಷಕ್ಕೆರಡು ಸಲ ಪಾಠ ಮಾಡುತ್ತಿದ್ದ. ಕೇಳುವವರು ತೂಕಡಿಸುತ್ತಿದ್ದರು. ಈಗ ಆ ತೂಕಡಿಕೆಯ ಮೇಲೆ ಅವನಿಗೆ ಪ್ರೀತಿ ಉಕ್ಕಿತು.

“ಅಣ್ಣಾ, ಸ್ಕ್ರಿಪ್ಟ್ ಒಂದ್ಸಲ ನೋಡ್ತೀರಾ?” ಎಂದು ಅವಳೇ ಕೇಳಿದಳು.

“ಭೇಷಾಗಿದೆ ಕಣಮ್ಮ. ಒಂದಕ್ಷರ ಮುಟ್ಬೇಡ” ಎಂದ ಈ ಮಹಾನುಭಾವ.

ಉಪಾಯ ಸರಳ. ಸ್ಕೂಟರ್ ಕೊನೆಯ ಬಹುಮಾನ. ಅದಕ್ಕೆ ಮುಂಚೆ ಕಂಪನಿಯ ಯಜಮಾನರು ಎಲ್ಲರಿಗೂ ಶುಭ ಕೋರಿ ಲೋಟ ಎತ್ತುವಾಗ, ಮೊದಲ ಸಾಲಿನಲ್ಲಿ ತನ್ನ ಹೆಸರಿರುವ ಫೈಲೊಂದನ್ನು ಫೋನಿನಿಂದಲೇ ಅಲ್ಲಿ ಇಡುವುದು. ಹೆಸರು ಬಂದ ಮೇಲೆ ಸ್ಕ್ರಿಪ್ಟೇ ಸಾಕ್ಷಿಯನ್ನು ಒರೆಸಿಹಾಕುತ್ತದೆ. ಇಷ್ಟು ಅಚ್ಚುಕಟ್ಟಾದ ಅಪರಾಧ ಮಾಡಬಲ್ಲವನಿಗೆ ಹದಿನೇಳು ವರ್ಷ ಕೊಡೆ ಕೊಟ್ಟರಲ್ಲ ಎಂದು ಅವನಿಗೆ ತನ್ನ ಮೇಲೇ ಮರುಕ ಬಂತು. ಆಶ್ಚರ್ಯಪಡುವುದನ್ನು ಮೂರು ದಿನ ಬಚ್ಚಲಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ.

ಎಲ್ಲ ಅಂದುಕೊಂಡಂತೆಯೇ ಆಯಿತು. ಪರದೆಯಲ್ಲಿ ಹೆಸರು ಬಂತು. ಫೋನನ್ನು ಮೀನಿನ ತಟ್ಟೆಯ ಪಕ್ಕ ಬಿಟ್ಟು ವೇದಿಕೆಗೆ ಓಡಿದ. ಎರಡೂ ಕೈಯಲ್ಲಿ ರಟ್ಟಿನ ದೊಡ್ಡ ಕೀಲಿ ಹಿಡಿದು ನಿಂತ. ಪ್ರತಿ ವರ್ಷದಂತೆ ಜನ ಕೂಗಿದರು: “ಯಜಮಾನ್ರೇ, ಇನ್ನೂ ಬೇಕು! ಇನ್ನೂ ಬೇಕು!”

“ಆಯ್ತ್ರಪ್ಪಾ, ಇನ್ನೂ ಹತ್ತು!” ಎಂದು ಯಜಮಾನರು ಜೇಬಿನಿಂದ ಹಣವಿಟ್ಟ ಕೆಂಪು ಲಕೋಟೆಗಳನ್ನು ತೆಗೆದು ಲಾಟರಿಯ ಗುಂಡಿ ಒತ್ತಿದರು.

ಚಿಯೆನ್ ಯುಂಗ್-ತೆ. ಜನ ನಕ್ಕರು. ಮತ್ತೆ ಒತ್ತಿದರು, ಚಿಯೆನ್ ಯುಂಗ್-ತೆ. ಮೂರನೆಯ ಸಲ ಯಾರೂ ನಗಲಿಲ್ಲ. ಲ್ಯಾಪ್‌ಟಾಪಿನ ಮುಂದಿದ್ದ ರುಯೊ-ಆನ್ ಮೈಕಿನಲ್ಲೇ ಕೇಳಿದಳು: “ಅಣ್ಣಾ, ಈ ಫೈಲನ್ನ ಅಳಿಸೋಕೇ ಆಗ್ತಿಲ್ಲ. ಮಾಡಿದ್ದು ನೀವು ಅಂತ ತೋರಿಸ್ತಿದೆಯಲ್ಲಾ?” ಕೀಲಿ ಹಿಡಿದು ನಿಂತವನಿಗೆ, ತಾನು ಮರೆತೇಬಿಟ್ಟಿದ್ದ ನಿಯಮ ಆಗ ನೆನಪಾಯಿತು. ಆ ಫೋಲ್ಡರಿನಲ್ಲಿ ಯಾರು ಬೇಕಾದರೂ ಫೈಲು ಇಡಬಹುದು. ಆದರೆ ಇನ್ನೊಬ್ಬರಿಗಾಗಲಿ ಅವರ ಸ್ಕ್ರಿಪ್ಟಿಗಾಗಲಿ ಅದನ್ನು ಅಳಿಸಲು ಸರ್ವರ್ ಬಿಡುವುದಿಲ್ಲ, ಇಟ್ಟವನೇ ಬಂದು ಅಳಿಸಬೇಕು.