ಮುಖವೊಂದು ಬಿಟ್ಟು

ಮಾಂತೇಶನ ಕಣ್ಣಿಗೆ ಕಂಡದ್ದೆಲ್ಲ ಸುಧಾರಾಣಿಗೆ ಕಾಣುತ್ತಿತ್ತು. ಮಾಂತೇಶ ಮಾತ್ರ ಕಾಣುತ್ತಿರಲಿಲ್ಲ.

ಅವನು ಊರೂರು ತಿರುಗಿ ಕಾಳು ಒಕ್ಕುವ ರಾಶಿ ಮಷೀನು ರಿಪೇರಿ ಮಾಡುವವನು. ಅವಳು ಅಣ್ಣಿಗೇರಿಯ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ದಾರಿ ತೋರಿಸುವವಳು. ಅವನು ಕ್ಯಾಮೆರಾ ಇರುವ ಸ್ಮಾರ್ಟ್ ಕನ್ನಡಕ ಹಾಕಿಕೊಂಡರೆ, ಇಲ್ಲಿ ಅವಳು ಎಳೆದ ಹಸಿರು ಬಾಣ ಅಲ್ಲಿ ಅವನೆದುರಿನ ಬೋಲ್ಟಿನ ಮೇಲೆಯೇ ಮೂಡುತ್ತಿತ್ತು. ಎಣ್ಣೆ ಮೆತ್ತಿದ ಅವನ ಬೆರಳುಗಳು ಅವಳಿಗೆ ಚೆನ್ನಾಗಿ ಗೊತ್ತು. ಮುಖ ಹೇಗಿದೆಯೋ ಶಿವನೇ ಬಲ್ಲ.

ಇಂದು ಯಮನೂರಿನ ಹೊಲದಲ್ಲಿ ರೈತ ಹೊಳೆಪ್ಪನವರ ಮಷೀನು ಕಡಲೆಗಿಡ ಸಿಕ್ಕಿ ನಿಂತಿತ್ತು. ಮೇಲೆ ಮೋಡ. ಹೊಳೆಪ್ಪನವರಿಗೆ ನಿಂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

“ಧೂಳಿನಾಗ ನಿಮ್ಮ ಬಾಣ ಕಾಣವಲ್ದ್ರಿ ಮೇಡಂ.”

“ಕನ್ನಡಕ ಒರಸ್ಕೊರಿ. ಅತ್ಲಾಗ ಸೂರ್ಯಕಾಂತಿ ಹೂವು ಯಾಕ ನೋಡಾಕತ್ತೀರಿ?”

“ನಿಮಗ ತೋರ್ಸಾಕ್ರಿ. ಆಫೀಸಿನಾಗ ಬರೇ ಗ್ವಾಡಿ ನೋಡ್ಕೋತ ಕುಂತಿರ್ತೀರಲ್ಲ.”

ಅವಳ ಕೆನ್ನೆ ಬಿಸಿಯಾಯಿತು. “ನಾ ನೋಡಬೇಕಾಗಿದ್ದು ಹೂವಲ್ರಿ,” ಎಂದುಬಿಟ್ಟಳು.

ಅವನು ನಕ್ಕ. ನಗುತ್ತಲೇ ಡ್ರಮ್ಮಿನೊಳಗೆ ಕೈ ಹಾಕಿದ.

ಆಗ ಪರದೆಯ ಅಂಚಿನಲ್ಲಿ ಬಿಳಿ ಧೋತರವೊಂದು ಟ್ರ್ಯಾಕ್ಟರ್ ಏರುವುದು ಕಂಡಿತು. ಹೊಳೆಪ್ಪನವರು! ಮಷೀನು ತಿರುಗುವುದು ಆ ಟ್ರ್ಯಾಕ್ಟರಿನಿಂದಲೇ. ಮೊದಲು ಚಾವಿ ಕಿತ್ತಿಟ್ಟುಕೊಳ್ಳಿ ಎಂದು ಹೇಳುವುದು ಅವಳ ಕೆಲಸ. ಮಾತಿನ ಭರದಲ್ಲಿ ಮರೆತಿದ್ದಳು.

“ಮಾಂತೇಶ, ಕೈ ತಗೀ! ಲಗೂನ ತಗಿಯೋ!”

ಪರದೆ ನಿಂತುಬಿಟ್ಟಿತು. ಆ ಹೊಲದ ನೆಟ್‌ವರ್ಕ್ ಅಷ್ಟೇ, ಚಿತ್ರ ಯಾವಾಗಲೂ ತಡ. ಅಂದರೆ ತಾನು ಕಂಡದ್ದು ಅಲ್ಲಿ ಆಗಲೇ ನಡೆದುಹೋಗಿದೆ. ಕೂಗು ಮುಟ್ಟಿತೋ ಇಲ್ಲವೋ. ಫೋನ್ ಹಚ್ಚಿದಳು, ಹತ್ತಲಿಲ್ಲ. ಪರದೆಯಲ್ಲಿ ಕೈ ಮೊಣಕೈವರೆಗೆ ಒಳಗೇ ಇತ್ತು. ಮುಖ ಹೇಗಾದರೂ ಇರಲಿ, ಆ ಕೈ ಉಳಿಯಲಿ ಎಂದು ಬೇಡಿಕೊಂಡಳು.

ಕಿವಿಯಲ್ಲಿ ಟ್ರ್ಯಾಕ್ಟರ್ ಗುಡುಗಿತು. ಚಿತ್ರ ಜಿಗಿಯಿತು. ಡ್ರಮ್ಮು ಗರಗರ ತಿರುಗುತ್ತಿತ್ತು. ಅದರ ಮುಂದೆ ಎಣ್ಣೆ ಮೆತ್ತಿದ ಎರಡು ಕೈಗಳು ಕಂಡವು.

“ಅದಾವ್ರಿ. ನಿಮ್ಮ ಕೂಗು ಕೇಳಿ ತಗದ್ನಿ, ಎರಡೂ ಅದಾವ್ರಿ,” ಎಂದ ಮಾಂತೇಶ.

ಅವಳು ಅತ್ತುಬಿಟ್ಟಳು. “ಮುಖ ತೋರ್ಸು.”

ಹೊಳೆಪ್ಪನವರು ಗಾಬರಿಯಿಂದ ಟ್ರ್ಯಾಕ್ಟರ್ ಬಂದ್ ಮಾಡಿದರು. ಮಾಂತೇಶ ಕನ್ನಡಕ ತೆಗೆದು ತನ್ನತ್ತ ತಿರುಗಿಸಿ ಹಿಡಿದ. ಧೂಳು ಮೆತ್ತಿದ ಹಣೆ, ಹೆದರಿದ ದೊಡ್ಡ ಕಣ್ಣು, ಹುಬ್ಬಿಗೆ ಅಂಟಿದ ಹೊಟ್ಟು. ಎಷ್ಟು ಚೆಂದ ಇದ್ದಾನೆ ಎನಿಸಿತು. ಕನ್ನಡಕ ಕಿವಿಯ ಮೇಲಿಲ್ಲದಾಗ ಅವನಿಗೆ ಅವಳ ದನಿ ಕೇಳುವುದಿಲ್ಲ. ಆ ಧೈರ್ಯದ ಮೇಲೆ, ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡ ಮಾತನ್ನು ಹೇಳಿಬಿಟ್ಟಳು.

ಅವನು ಕನ್ನಡಕ ಮತ್ತೆ ಏರಿಸಿದ. “ಏನರ ಅಂದ್ರೇನ್ರಿ?”

“ಅಂದ್ನಿ. ಈ ಕನ್ನಡಕದಾಗ ಇನ್ನೊಮ್ಮೆ ಅನ್ನೂದಿಲ್ಲ. ಇಲ್ಲೇ ಬಂದು ಕೇಳು.”

“ಈಗ ಹೊಂಟ್ನಿ!”

“ಮೊದಲ ಆ ಚಾವಿ ಕಿತ್ತು ಕಿಸೇದಾಗ ಹಾಕ್ಕೊ. ಕೆಲಸ ಮುಗಿಸಿ ಬಾ.”

ಪರದೆಯಲ್ಲಿ ಅದೇ ಕೈ ಚಾವಿ ಕಿತ್ತುಕೊಂಡಿತು. ಆಮೇಲೆ ಅವನು ತಲೆಯೆತ್ತಿ ಅಣ್ಣಿಗೇರಿಯ ದಾರಿ ನೋಡಿದ. ಅದು ಅವಳಿಗೂ ಕಂಡಿತು.