ಮಾರ್ಕ್ಸ್ ಡಾಕ್ಟರಿಗೆ ಹೇಳಿದ ಸುಳ್ಳು

ಮಾರ್ಕ್ಸ್ ಡಾಕ್ಟರ್ ಇವತ್ತೂ ಗಾಯದ ಪಟ್ಟಿಗಳಿದ್ದ ಟ್ರಾಲಿಯ ಕಡೆ ನೋಡಿದ. ಒಂದೇ ಕ್ಷಣ, ಓರೆಗಣ್ಣಿನಲ್ಲಿ. ಆದರೆ ಪಟ್ಟಿ ಸಿಸ್ಟರ್ ಕಣ್ಣು ತಪ್ಪಿಸಿ ಆ ವಾರ್ಡಿನಲ್ಲಿ ನೊಣವೂ ಹಾರುವಂತಿರಲಿಲ್ಲ. ಅವಳು ತಟ್ಟನೆ ಹಸಿರು ಬಟ್ಟೆ ಎಳೆದು ಟ್ರಾಲಿ ಮುಚ್ಚಿದಳು.

"ಏನ್ ಡಾಕ್ಟ್ರೇ, ಏನಾದ್ರೂ ಕಳ್ಕೊಂಡಿದ್ದೀರಾ?"

"ಹೂಂ, ಹಾಗೇ ಅನ್ಸುತ್ತೆ," ಎಂದ ಅವನು. "ಎಲ್ಲಿ ಅಂತ ಮಾತ್ರ ಗೊತ್ತಾಗ್ತಿಲ್ಲ."

ಮೇಲೊಂದು ನಗು ಬೇರೆ. ಎಡಗೆನ್ನೆಯಲ್ಲಿ ಹುಟ್ಟಿ, ಬಲಗೆನ್ನೆಗೆ ಬರುವಷ್ಟರಲ್ಲಿ ನಾಚಿಕೊಳ್ಳುವ ನಗು. ಇಂಥ ನಗು ಇಟ್ಟುಕೊಂಡವರನ್ನು ನಂಬಲೇಬಾರದು ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಡಿದಳು.

ಹೊಟ್ಟೆಯ ಆಪರೇಷನ್ ಆದವರ ಗಾಯ ಕೀವು ಕಟ್ಟದಂತೆ ತಡೆಯುವುದು ಹೇಗೆ ಎಂಬುದು ಆ ವಾರ್ಡಿನಲ್ಲಿ ನಡೆಯುತ್ತಿದ್ದ ಸಂಶೋಧನೆ. ಕೆಲವರಿಗೆ ಹಳೆಯ ಪಟ್ಟಿ, ಕೆಲವರಿಗೆ ಔಷಧಿ ಲೇಪಿಸಿದ ಹೊಸ ಪಟ್ಟಿ. ಯಾರಿಗೆ ಯಾವುದು ಎಂಬುದು ಪಟ್ಟಿ ಹಾಕುವ ಅವಳಿಗೆ ಗೊತ್ತು. ಗಾಯ ಎಷ್ಟು ಮಾಗಿದೆ ಎಂದು ಮಾರ್ಕ್ಸ್ ಕೊಡುವ ಅವನಿಗೆ ಗೊತ್ತಾಗಕೂಡದು. ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎಂದು ಸರ್ಜರಿ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು. ಅವರೂ ಆ ಗುಟ್ಟಿನಿಂದ ದೂರವೇ ಇದ್ದರು.

ಹಾಗಾಗಿ ದಿನವೂ ಅವಳು ಪರದೆಯೊಳಗೆ ಹೋಗಿ ಪಟ್ಟಿ ಬಿಚ್ಚಿ, ಗಾಯ ಒರೆಸಿ ಹೊರಗೆ ಬರಬೇಕು. ಆಮೇಲೆ ಅವನು ಒಳಗೆ ಹೋಗಬೇಕು. ಅವನು ಬಂದ ಮೇಲೆ ಮತ್ತೆ ಅವಳು.

"ಮುನಿಸ್ಕೊಂಡಿರೋ ಗಂಡ ಹೆಂಡ್ತಿ ಹಾಗೆ, ಒಬ್ರು ಬಂದ್ರೆ ಒಬ್ರು ಎದ್ದು ಹೋಗ್ತೀರಲ್ಲ!" ಎಂದು ಕಿಟಕಿ ಪಕ್ಕದ ಮಂಚದ ಅಜ್ಜಿ ಒಮ್ಮೆ ಇಡೀ ವಾರ್ಡಿಗೆ ಕೇಳುವಂತೆ ಹೇಳಿ, ನಕ್ಕರೆ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಜ್ಜಿ ಎಂದು ಕರೆದರೆ ಆಕೆಗೆ ಕೋಪ. ಅದಕ್ಕೇ ಎಲ್ಲರೂ ಅವಳನ್ನು ಕಿಟಕಿ ಅತ್ತೆ ಎನ್ನುತ್ತಿದ್ದರು. ಮಾರ್ಕ್ಸ್ ಡಾಕ್ಟರ್, ಪಟ್ಟಿ ಸಿಸ್ಟರ್ ಎಂದು ಇವರಿಬ್ಬರಿಗೆ ಹೆಸರಿಟ್ಟವಳೂ ಅವಳೇ.

ಪಟ್ಟಿ ಸಿಸ್ಟರ್ ಹುಟ್ಟಾ ಅನುಮಾನದ ಹೆಣ್ಣೇನಲ್ಲ. ಹಿಂದೆ ಔಷಧಿ ಕಂಪನಿಯ ಒಬ್ಬ ಪ್ರತಿನಿಧಿ ಅವಳ ಹಿಂದೆ ಮುಂದೆ ಸುತ್ತಿದ್ದ. ಸಿಸ್ಟರ್ ಅಂದ, ಆಮೇಲೆ ಹೆಸರು ಹಿಡಿದು ಕರೆದ, ಅವಳಮ್ಮನ ಮಂಡಿನೋವು ವಿಚಾರಿಸಿದ. ಆಸ್ಪತ್ರೆ ಅವನ ಸಾಮಾನು ಕೊಂಡ ಮರುದಿನದಿಂದ ಅವನು ಫೋನೇ ಎತ್ತಲಿಲ್ಲ. ಅವಳು ಆಗ ಅತ್ತಿದ್ದು ಅಕ್ಕನಿಗೆ ಮಾತ್ರ ಗೊತ್ತು. ಅಂದಿನಿಂದ ಯಾರಾದರೂ ಚೆನ್ನಾಗಿ ಮಾತಾಡಿದರೆ, ಇವರಿಗೆ ನನ್ನಿಂದ ಏನು ಬೇಕು ಎಂದು ಅವಳು ಮೊದಲು ಕೇಳಿಕೊಳ್ಳುತ್ತಿದ್ದಳು.

ಈ ಮಾರ್ಕ್ಸ್ ಡಾಕ್ಟರಿಗೆ ಏನು ಬೇಕು? ಬರುವಾಗ ಕಾಫಿ ತರುತ್ತಿದ್ದ. ಕೈ ತೊಳೆದು ತೊಳೆದು ಒಡೆದ ಅವಳ ಬೆರಳು ನೋಡಿ ಒಂದು ಕ್ರೀಮ್ ತಂದು ಮಾತಾಡದೆ ಟ್ರಾಲಿಯ ಮೇಲಿಟ್ಟಿದ್ದ. ಟ್ರಾಲಿಯ ಮೇಲೇ ಯಾಕಿಡಬೇಕು? ಹೊಸ ಪಟ್ಟಿ ಗೆದ್ದರೆ ಅವನ ಕೆಲಸ ಕಾಯಂ ಆಗುತ್ತದೆಂದು ವಾರ್ಡೆಲ್ಲ ಗುಸುಗುಸು. ನಿನ್ನೆಯಂತೂ, "ಕಿಟಕಿ ಅತ್ತೆ ಹತ್ರ ಅಷ್ಟು ಹೊತ್ತು ಮಾಡಿದ್ರಲ್ಲ, ಯಾಕೆ?" ಎಂದುಬಿಟ್ಟಿದ್ದ. ಹೊಸ ಪಟ್ಟಿ ಅಂಟಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಹೊತ್ತು ಎಣಿಸಿಯೇ ಗುಟ್ಟು ಹಿಡಿಯುತ್ತಿದ್ದಾನಾ?

ಅವನೆಂದರೆ ಅವಳಿಗೆ ಇಷ್ಟ. ಅದೇ ಅವಳ ಕಷ್ಟ. ಇಷ್ಟವಿಲ್ಲದವನಾಗಿದ್ದರೆ ಮೇಡಂಗೆ ಹೇಳಿ ಕೈತೊಳೆದುಕೊಳ್ಳುತ್ತಿದ್ದಳು. ಇವನ ವಿಷಯದಲ್ಲಿ ಖಚಿತವಾಗಿ ತಿಳಿಯಬೇಕಿತ್ತು.

ಅದಕ್ಕೇ ಬಲೆ ಬೀಸಿದಳು.

ಮರುದಿನ ಪರದೆಯಿಂದ ಹೊರಬರುತ್ತಾ ಅವನ ಭುಜದ ಹತ್ತಿರ ನಿಂತು, "ನಿಮಗೆ ಮಾತ್ರ ಹೇಳ್ತಿದ್ದೀನಿ, ಕಿಟಕಿ ಅತ್ತೆಗೆ ಹೊಸ ಪಟ್ಟಿ," ಎಂದು ಪಿಸುಗುಟ್ಟಿದಳು. ಶುದ್ಧ ಸುಳ್ಳು. ಅತ್ತೆಗಿದ್ದದ್ದು ಹಳೆಯದು. ಇವನು ಕಳ್ಳನಾದರೆ ಇವತ್ತು ಅತ್ತೆಯ ಮಾರ್ಕ್ಸ್ ಸರ್ರನೆ ಏರುತ್ತದೆ.

ಅವನ ಮುಖದ ಬಣ್ಣವೇ ಇಳಿದುಹೋಯಿತು. "ಯಾಕೆ ಹೇಳಿದ್ರಿ?" ಎಂದ, ಬಹಳ ಮೆಲ್ಲಗೆ. ಪರದೆಯೊಳಗೆ ಕಾಲಿಡದೆ, ಹಿಂತಿರುಗಿ ನೋಡದೆ ವಾರ್ಡು ದಾಟಿ ಹೊರಟುಹೋದ.

"ಏನಂದೆ ಅವನಿಗೆ?" ಎಂದಳು ಕಿಟಕಿ ಅತ್ತೆ ಒಳಗಿನಿಂದ. "ಹೊಟ್ಟೆ ಬಿಚ್ಕೊಂಡು ಕಾಯ್ತಾ ಇದ್ದೀನಿ, ಚಳಿ ಆಗ್ತಿದೆ!"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಅವನು ನೇರವಾಗಿ ದೊಡ್ಡ ಮೇಡಂ ಬಳಿ ಹೋಗಿ, ಒಬ್ಬರ ಪಟ್ಟಿ ಯಾವುದೆಂದು ತನಗೆ ತಿಳಿದುಬಿಟ್ಟಿದೆ, ಇನ್ನು ತನ್ನ ಕಣ್ಣನ್ನು ನಂಬಬೇಡಿ ಎಂದಿದ್ದನಂತೆ. ಯಾರು ಹೇಳಿದರು ಎಂದು ಎಷ್ಟು ಗದರಿದರೂ ತುಟಿ ಬಿಚ್ಚಲಿಲ್ಲವಂತೆ. ಇವನೇ ಯಾರನ್ನೋ ಪುಸಲಾಯಿಸಿ ಕೇಳಿದ್ದಾನೆ, ಈಗ ಹೆದರಿ ಬಂದಿದ್ದಾನೆ ಎಂದು ಮೇಡಂಗೆ ಅನುಮಾನ. ಸಂಶೋಧನೆಯಿಂದಲೇ ಅವನನ್ನು ತೆಗೆದುಹಾಕುತ್ತಾರಂತೆ.

ಪಟ್ಟಿ ಸಿಸ್ಟರ್ ಸ್ಟೋರ್ ರೂಮಿನೊಳಗೆ ಹೋಗಿ ಹತ್ತಿಯ ಕಟ್ಟುಗಳ ನಡುವೆ ನಿಂತಳು. ಸುಮ್ಮನಿದ್ದರೆ ಅವಳಿಗೆ ಏನೂ ಆಗುವುದಿಲ್ಲ. ಅವನು ಹೇಳುವವನಲ್ಲ. ಬಾಯಿಬಿಟ್ಟರೆ ಈ ವಾರ್ಡು, ಈ ಕೆಲಸ, ಇಷ್ಟು ವರ್ಷ ಸಂಪಾದಿಸಿದ ಒಳ್ಳೆಯ ಹೆಸರು ಎಲ್ಲಕ್ಕೂ ಕಲ್ಲು ಬಿದ್ದಂತೆ. ಅವಳಿಗೆ ಭಯವಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅವಳು ಮೇಡಂ ಕೋಣೆಯ ಬಾಗಿಲು ತಟ್ಟಿದಳು.

"ಹೇಳಿದ್ದು ನಾನು, ಮೇಡಂ. ಅವರು ಕೇಳಲೇ ಇಲ್ಲ. ಅವರನ್ನ ಪರೀಕ್ಷೆ ಮಾಡೋಣ ಅಂತ ನಾನೇ ಸು..."

"ನಿಲ್ಸು!" ಮೇಡಂ ಕೈ ಎತ್ತಿದರು. "ನಿಜಾನೋ ಸುಳ್ಳೋ ನನಗೂ ಗೊತ್ತಾಗಬಾರದು. ಅವನು ಕೇಳಿದ್ನಾ ಇಲ್ವಾ, ಅಷ್ಟೇ ಹೇಳು."

"ಕೇಳಲಿಲ್ಲ, ಮೇಡಂ. ದೇವರಾಣೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿ ಅತ್ತೆಗೆ ಇನ್ನು ಬೇರೆ ಡಾಕ್ಟರು ಮಾರ್ಕ್ಸ್ ಕೊಡುತ್ತಾರೆ, ಉಳಿದವರನ್ನು ಅವನೇ ನೋಡಲಿ ಎಂದರು. "ಆದ್ರೆ ಸಿಸ್ಟರ್, ನೀನು ಈ ಟ್ರಾಲಿ ಮುಟ್ಟೋ ಹಾಗಿಲ್ಲ. ನಾಳೆಯಿಂದ ಮೂಳೆ ವಾರ್ಡ್‌ಗೆ ಹೋಗು."

ಮೂಳೆ ವಾರ್ಡಿನಲ್ಲಿ ಎಲ್ಲಿ ನೋಡಿದರೂ ನೇತುಹಾಕಿದ ಕಾಲುಗಳು. ಅವಳು ಒಂದು ಕಾಲಿನ ಪಟ್ಟಿ ಸರಿಪಡಿಸುತ್ತಿದ್ದಾಗ ಬಾಗಿಲಲ್ಲಿ ಅವನು ಬಂದು ನಿಂತ. ಕೈಯಲ್ಲಿ ಎರಡು ಕಾಫಿ. ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಹೊರಗೆ ಬರ್ತೀರಾ? ಒಂದೇ ನಿಮಿಷ."

ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಮೊದಲ ಸಲ, ಅಕ್ಕಪಕ್ಕ.

"ನಾನು ಹೇಳಿದ್ದು ನಿಜಾನೋ ಸುಳ್ಳೋ, ಅದನ್ನ ಹೇಳೋ ಹಾಗಿಲ್ಲ," ಎಂದಳು ಅವಳು, ಲೋಟ ನೋಡುತ್ತಾ. "ಆದ್ರೆ ಹೇಳಿದ್ದು ತಪ್ಪು. ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ."

"ಕಾಫಿ ಕುಡಿಸಿ ಗುಟ್ಟು ಕದಿಯೋ ಕಳ್ಳನಾ?"

"ಹೂಂ. ಟ್ರಾಲಿನೇ ನೋಡ್ತಿದ್ರಲ್ಲ!"

"ರೀ, ನಾನು ನೋಡ್ತಿದ್ದಿದ್ದು ನಿಮ್ಮ ಕೈ. ಆ ಕ್ರೀಮ್ ಹಚ್ಕೋತೀರೋ ಇಲ್ವೋ ಅಂತ." ಅವನ ಕಿವಿ ಕೆಂಪಾಗಿತ್ತು. "ಕಿಟಕಿ ಅತ್ತೆ ಹತ್ರ ಯಾಕಷ್ಟು ಹೊತ್ತು ಅಂತ ಕೇಳಿದ್ದೂ ಅದಕ್ಕೇ. ಕಾಫಿ ತಣ್ಣಗಾಗ್ತಿತ್ತು."

"ಮತ್ತೆ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು?"

"ಹೇಗೆ ಹೇಳ್ಲಿ? ಮಾರ್ಕ್ಸ್ ಕೊಡೋನು, ಪಟ್ಟಿ ಹಾಕೋಳು ಇಬ್ರೂ ಒಂದಾದ್ರೆ ಸಂಶೋಧನೆನ ಯಾರು ನಂಬ್ತಾರೆ? ಮುಗೀಲಿ ಅಂತ ಹಲ್ಲು ಕಚ್ಕೊಂಡು ಕಾಯ್ತಾ ಇದ್ದೆ. ಈಗ ನೀವು ಆ ವಾರ್ಡಲ್ಲಿಲ್ಲ. ಈಗ ಹೇಳಬಹುದು. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ತಲೆ ಎತ್ತಿದಳು. ಅಭ್ಯಾಸಬಲ, ಈ ಮಾತಿನ ಹಿಂದೆ ಏನಿದೆ ಎಂದು ಅವನ ಮುಖದಲ್ಲೆಲ್ಲ ಹುಡುಕಿದಳು. ಗುಟ್ಟು ಕಿವಿಗೆ ಬಿದ್ದ ಕೂಡಲೇ ಮೇಡಂ ಬಳಿ ಓಡಿದವನಿಗೆ ಅವಳ ಬಳಿಯ ಯಾವ ಗುಟ್ಟೂ ಬೇಕಿರಲಿಲ್ಲ. ಅವಳನ್ನು ಬಿಟ್ಟರೆ ಅವನಿಗೆ ಅಲ್ಲಿ ಸಿಗುವಂಥದ್ದು ಏನೂ ಇರಲಿಲ್ಲ. ಆದರೂ ಬಂದು ಕುಳಿತಿದ್ದ.

"ನನಗೂ," ಎಂದಳು. "ಮೊದಲಿಂದ್ಲೂ. ಅದಕ್ಕೇ ಅಷ್ಟು ಹೆದರಿದ್ದೆ."

ಅವನು ಕೈ ಚಾಚಿದ. ಯಾಕೆ ಎಂದು ಕೇಳದೆ ಅವಳು ತನ್ನ ಕೈಯನ್ನು ಅದರೊಳಗಿಟ್ಟಳು.